ಕುದುರೆಯನ್ನು ಎಳೆಯುವ ಗಾಡಿ

ಕಾಟನ್‌ವುಡ್ ಕ್ರೀಕ್, ವಯೋಮಿಂಗ್
ಸೆಪ್ಟೆಂಬರ್ 6, 1994

ಪ್ರೀತಿಯ ಅಪ್ಪನಿಗೆ,

ಹೋದ ವಾರ ಫೋನಿನಲ್ಲಿ ನಿನಗೆ ಕೇಳಲೆಂದು ನಾನು ಕೂಗಿ ಕೂಗಿ ತೊಟ್ಟಿಲಲ್ಲಿ ಮಲಗಿದ್ದ ಟೆಸ್ಸಾ ಬೆಚ್ಚಿಬಿದ್ದು ಎದ್ದಳು. ನಿನಗೆ ಮಾತ್ರ ಏನೂ ಕೇಳಿಸಲಿಲ್ಲ. "ಯಾರು, ವಿಮೆಯವ್ರಾ? ನಮ್ಗೇನೂ ಬೇಡ" ಅಂದು ನೀನು ಫೋನು ಇಟ್ಟುಬಿಟ್ಟೆ. ಇನ್ನು ಮೇಲೆ ಕಾಗದವೇ ಸರಿ.

ವಿಷಯ ಇಷ್ಟು. ನಿನ್ನ ಅಳಿಯ ಡೆಲ್‌ಗೆ ಗ್ಯಾಸ್ ಬಾವಿಯ ಕೆಲಸ ಸಿಕ್ಕಿದೆ. ಐದು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಹಳೇ ಪಿಕಪ್ಪನ್ನು ಅವನೇ ತೆಗೆದುಕೊಂಡು ಹೋಗುತ್ತಾನೆ. ನನಗೆ ಉಳಿಯುವುದು ಆ ಬಿಳಿ ಕಾರು, ಅದು ಕೈಗಾಡಿಯನ್ನೂ ಎಳೆಯಲಾರದು. ಇತ್ತ ನಾವು ಗೇಣಿಗೆ ಹಿಡಿದ ಹುಲ್ಲುಗಾವಲು ಅಕ್ಟೋಬರ್ ಮುಗಿದರೆ ನಮ್ಮದಲ್ಲ. ಚಳಿಗಾಲಕ್ಕೆ ಕ್ಲೋವರ್‌ಳನ್ನು ನನ್ನ ಕೊಟ್ಟಿಗೆಗೆ ಬಿಡು ಎಂದು ನೀನೇ ಹೇಳಿದ್ದೀಯ. ಹತ್ತೊಂಬತ್ತು ವರ್ಷದ ಕುದುರೆ, ಇನ್ನೊಂದು ಚಳಿಗಾಲವನ್ನು ಬಯಲಲ್ಲಿ ನಿಂತು ಕಳೆಯಲಾರಳು. ಹಾಗಾಗಿ ಒಂದೇ ಗಾಡಿಯಿಂದ ನನಗೆ ಎರಡು ಕೆಲಸ ಆಗಬೇಕು. ನೀನು ಮದುವೆಗೆ ಕೊಟ್ಟ ಟ್ರೇಲರನ್ನು, ಅದರೊಳಗೆ ಕ್ಲೋವರ್‌ಳನ್ನು, ಬಿಗ್‌ಹಾರ್ನ್ ಬೆಟ್ಟ ದಾಟಿಸಿ ನಿನ್ನಲ್ಲಿಗೆ ತರಬೇಕು. ಉಳಿದ ದಿನ ಹಾಲಿಗೆ, ಡಾಕ್ಟರ ಹತ್ತಿರ, ಬಟ್ಟೆ ಒಗೆಯುವ ಅಂಗಡಿಗೆ ಅದರಲ್ಲೇ ಹೋಗಿಬರಬೇಕು.

ಮೂರು ಗಾಡಿ ನೋಡಿದ್ದೇನೆ. ಒಂದು, ಮುಕ್ಕಾಲು ಟನ್ನಿನ ಪಿಕಪ್. ಆನೆಯನ್ನೂ ಎಳೆಯುತ್ತದಂತೆ, ಆದರೆ ಹಿಂದಿನ ಸೀಟಿಲ್ಲ. ಮಗುವಿನ ಕುರ್ಚಿಯನ್ನು ನನ್ನ ಪಕ್ಕದಲ್ಲೇ, ಮುಂದಿನ ಗಾಜಿನ ಎದುರಿಗೇ ಕಟ್ಟಬೇಕು. ಎರಡನೆಯದು ಪುಟ್ಟ ಜೀಪಿನಂಥದು, ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಬಣ್ಣವೂ ಚೆಂದ. ಮೂರನೆಯದು ಪಿಕಪ್ಪಿನ ಮೈಗೆ ಮನೆಯ ತಲೆ ಇಟ್ಟ ಹಾಗಿರುವ ಉದ್ದನೆಯ ಗಾಡಿ, ಒಳಗೆ ಮೂರು ಸಾಲು ಸೀಟು. ಗ್ರಂಥಾಲಯದಿಂದ ಪತ್ರಿಕೆಗಳನ್ನು ತಂದು ಗೆರೆ ಎಳೆದೆಳೆದು ಓದಿದ್ದೇನೆ. ಕಾಲೇಜಿನಲ್ಲಿ ಇಷ್ಟು ಓದಿದ್ದರೆ ಚಿನ್ನದ ಪದಕ ಬರುತ್ತಿತ್ತು. ಓದಿದಷ್ಟೂ ಹೆದರಿಕೆ. ಟಯರು ಒಡೆದರೆ, ಬ್ರೇಕು ಕಾದು ಹೋದರೆ, ಮಗುವಿನ ಕುರ್ಚಿಯ ಬಕಲು ಕಿತ್ತುಬಂದರೆ, ಕುದುರೆ ಒಳಗೆ ಕುಣಿದರೆ.

ಅಮ್ಮ ಇದ್ದಿದ್ದರೆ ನಗುತ್ತಿದ್ದಳು. ನೀನು ಕುದುರೆ ಹೇರಿಕೊಂಡು ಹೊರಟಾಗಲೆಲ್ಲ ಅವಳು ನಮ್ಮ ಗಾಡಿ ಹತ್ತದೆ, ತನ್ನ ಪುಟ್ಟ ಕಾರಿನಲ್ಲಿ ಹಿಂದೆ ಬರುತ್ತಿದ್ದಳಲ್ಲ, ಕುದುರೆಯ ವಾಸನೆಗೆ ತಲೆನೋವು ಎಂದು. ಹಿಂದಿನ ಕಿಟಕಿಗೆ ಮೂಗೊತ್ತಿ, ತಿರುವುಗಳಲ್ಲಿ ಅವಳು ಕಂಡಾಗಲೆಲ್ಲ ನಾನು ಕೈ ಬೀಸುತ್ತಿದ್ದೆ. ಅವಳು ಒಂದು ಸಲವೂ ತಿರುಗಿ ಬೀಸಲಿಲ್ಲ.

ಟೆಸ್ಸಾ ಚೆನ್ನಾಗಿದ್ದಾಳೆ. ಐದು ತಿಂಗಳು ತುಂಬಿತು. ರಾತ್ರಿಯೆಲ್ಲ ಮಲಗುತ್ತಾಳೆ, ನಾನೂ. ಯಾವ ಗಾಡಿ ಕೊಳ್ಳಲಿ, ಬೇಗ ಬರೆ.

ನಿನ್ನ
ಮಾರ್ಲಿಸ್

•

ಬೆಲ್ ಫೋರ್ಶ್, ಸೌತ್ ಡಕೋಟ
ಸೆಪ್ಟೆಂಬರ್ 12, 1994

ಮಗಳೇ,

ಆ ಜೀಪನ್ನು ಮುಟ್ಟಬೇಡ. ಗಿಡ್ಡ ಗಾಡಿಯ ಹಿಂದೆ ಉದ್ದ ಟ್ರೇಲರ್ ಕಟ್ಟಿದರೆ ಬಾಲವೇ ನಾಯಿಯನ್ನು ಆಡಿಸುತ್ತದೆ. ಅಡ್ಡಗಾಳಿ ಬೀಸಿತು ಅಂದರೆ ಮುಗಿಯಿತು.

ಎಲ್ಲರೂ ಎಷ್ಟು ಎಳೆಯುತ್ತದೆ ಎಂದು ಕೇಳುತ್ತಾರೆ. ನೀನು ಎಷ್ಟು ತಡೆಯುತ್ತದೆ ಎಂದು ಕೇಳು. ಹತ್ತುವಾಗ ಯಾವ ಗಾಡಿಯೂ ಹತ್ತುತ್ತದೆ, ನಿಧಾನವಾಗಿಯಾದರೂ. ಇಳಿಯುವಾಗ ಹಿಂದಿನ ಭಾರ ನಿನ್ನನ್ನು ನೂಕುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ, ಆ ಗಾಡಿ ಬೆನ್ನ ಮೇಲೆ ಎಷ್ಟು ಹೊರಬಲ್ಲದು ಎಂದು. ಪತ್ರಿಕೆ ಬಿಟ್ಟು ಅದನ್ನು ಓದು. ನೀನು, ಮಗು, ಬುತ್ತಿ, ಟ್ರೇಲರಿನ ಮೂತಿಯ ಭಾರ, ಎಲ್ಲ ಸೇರಿ ಅದರೊಳಗೇ ಇರಬೇಕು.

ಪಿಕಪ್ಪು ಒಳ್ಳೆಯದು, ಆದರೆ ಮಗುವನ್ನು ಮುಂದೆ ಕೂರಿಸಬೇಡ. ಹಾಗಾದರೆ ಆ ಮೂರನೆಯದೇ ಸರಿ. ಅದಕ್ಕೆ ಟ್ರೇಲರ್ ಬ್ರೇಕಿನ ಪೆಟ್ಟಿಗೆ ಹಾಕಿಸು, ನಿನ್ನ ಮೊಣಕಾಲಿನ ಹತ್ತಿರವೇ ಇರಲಿ. ಇಳಿಜಾರಿಗೆ ಮೊದಲೇ ಕೆಳಗಿನ ಗೇರಿಗೆ ಬಾ. ಮೂತಿಯ ಎರಡು ಸರಪಳಿಗಳನ್ನು ನೇರವಾಗಿ ಕಟ್ಟದೆ, ಅಡಿಯಲ್ಲಿ ಒಂದನ್ನೊಂದು ಕತ್ತರಿಸುವ ಹಾಗೆ ಕಟ್ಟು, ತೊಟ್ಟಿಲಿನ ಹಗ್ಗದಂತೆ. ಇದನ್ನು ಮರೆಯಬೇಡ.

ಇನ್ನೊಂದು ಮಾತಿತ್ತು. ಇರಲಿ, ಡೆಲ್‌ಗೆ ಗೊತ್ತಿರುತ್ತದೆ.

ನಿನ್ನಮ್ಮನ ಸುದ್ದಿ ಇಲ್ಲಿಗೆ ಯಾಕೆ ತಂದೆ? ಅವಳಿಗೆ ವಾಸನೆ ಆಗುತ್ತಿರಲಿಲ್ಲ, ಅಷ್ಟೆ.

ಅಪ್ಪ

•

ಕಾಟನ್‌ವುಡ್ ಕ್ರೀಕ್
ಸೆಪ್ಟೆಂಬರ್ 20, 1994

ಅಪ್ಪಾ,

ಕೊಂಡೆ. ಮೂರನೆಯದನ್ನೇ.

ಮಾರಿದವನು ಹಾಲಿಸ್ ಎಂಬ ಮುದುಕ, ವರ್ಲೆಂಡ್ ದಾರಿಯಲ್ಲಿ ಹಳೇ ಗಾಡಿಗಳ ಅಂಗಳ ಇಟ್ಟುಕೊಂಡಿದ್ದಾನೆ. ಟೆಸ್ಸಾಳನ್ನು ಎದೆಗೆ ಕಟ್ಟಿಕೊಂಡೇ ಗಾಡಿಯ ಅಡಿಗೆ ತೂರಿ ನೋಡಿದೆ. ಅವನು ನಿಂತು ಹಲ್ಲುಕಡ್ಡಿ ಅಗಿಯುತ್ತಿದ್ದ.

"ಏನಮ್ಮಾ, ಗಾಡಿ ನೋಡೋಕ್ ಬಂದ್ಯೋ, ಗಂಡು ನೋಡೋಕ್ ಬಂದ್ಯೋ? ಅಡಿಗೆಲ್ಲಾ ನುಗ್ತಿದೀಯಲ್ಲ."

"ಗಂಡು ನೋಡುವಾಗ ಇಷ್ಟು ನೋಡ್ಲಿಲ್ಲ, ಅದಕ್ಕೇ ಈಗ ನೋಡ್ತಿದೀನಿ" ಅಂದೆ.

ನಕ್ಕ. ಬಾಗಿಲ ಚೀಟಿ ಓದಿ ಕಾಗದದ ಮೇಲೆ ಕೂಡಿಸಿದೆ. ನೀನು ಹೇಳಿದ್ದೆಲ್ಲ ಕೇಳಿದೆ, ಬ್ರೇಕು, ಗೇರು, ಹಿಂದಿನ ಸ್ಪ್ರಿಂಗು. "ನಿಮ್ಮಪ್ಪ ಏನ್ ಲಾರಿ ಹೊಡೀತಿದ್ನಾ?" ಎಂದು ಕೇಳಿದ. "ಮೂವತ್ತು ವರ್ಷ ಕುದುರೆ ಸಾಗಿಸಿದಾನೆ, ಒಂದು ಗೀರೂ ಆಗಿಲ್ಲ" ಎಂದೆ. ಹೇಳುವಾಗ ನನಗೇ ಹೆಮ್ಮೆಯಾಯಿತು.

ಗುಂಡಿನದೊಂದು ತೊಡಕಿತ್ತು. ಎಳೆಯುವ ಗಾಡಿಯ ಹಿಂದೆ ಇದ್ದು, ಟ್ರೇಲರಿನ ಮೂತಿಯ ಬಟ್ಟಲು ಮೇಲೆ ಬಂದು ಕೂರುವ ಆ ಕಬ್ಬಿಣದ ಗುಂಡನ್ನು ಡೆಲ್ ಪಿಕಪ್ಪಿನ ಜೊತೆಗೇ ಒಯ್ದುಬಿಟ್ಟಿದ್ದಾನೆ. ಹಾಲಿಸ್ ಶೆಡ್ಡಿನಿಂದ ಒಂದನ್ನು ತಂದು, ಒರೆಸಿ, ಗಾಡಿಯ ಹಿಂದಕ್ಕೆ ಜೋಡಿಸಿ ಬೋಲ್ಟ್ ಬಿಗಿದು ಕೊಟ್ಟ. "ಇದು ನನ್ನ ಕಡೆಯಿಂದ, ಮಗೀನ ಮುಖ ನೋಡಿ ಕೊಟ್ಟಿದ್ದು" ಅಂದ. ಕನ್ನಡಿಯಂತೆ ಹೊಳೆಯುತ್ತದೆ.

ಪೇಟೆಯಲ್ಲಿ ಓಡಿಸುವುದು ಅಂದುಕೊಂಡಷ್ಟು ಕಷ್ಟವಿಲ್ಲ. ದಿನಸಿ ಅಂಗಡಿಯ ಮುಂದೆ ಎರಡು ಕಾರಿನ ಜಾಗ ತಿನ್ನುತ್ತದೆ, ಒಬ್ಬಳು ಹಾರ್ನ್ ಹೊಡೆದಳು, ಹೊಡೆಯಲಿ. ಟೆಸ್ಸಾಳ ಕುರ್ಚಿ ನಡುಸಾಲಿನಲ್ಲಿ. ಕೆಂಪು ದೀಪ ಬಿದ್ದಾಗ ಹಿಂದಕ್ಕೆ ಕೈ ಚಾಚಿದರೆ ಅವಳ ಪಾದ ಸಿಗುತ್ತದೆ. ಹಿಡಿದರೆ ಒದೆಯುತ್ತಾಳೆ. ಆ ಒದೆತ ಸಿಕ್ಕರೆ ನನಗೆ ಸಮಾಧಾನ.

ಅವಳು ಮಲಗುವ ಹೊತ್ತಿಗೆ ಫೋನಿನ ರಿಸೀವರನ್ನು ಎತ್ತಿ ಪಕ್ಕಕ್ಕಿಡುತ್ತೇನೆ. ಆ ಗಂಟೆಯ ಸದ್ದಿಗೆ ಅವಳೆದ್ದರೆ ಮತ್ತೆ ನಾಲ್ಕು ತಾಸು ಯಾರಿಗೂ ಮಲಗುವ ಯೋಗವಿಲ್ಲ. ಹಾಗೆಂದು ಅವಳು ಮಲಗುವುದಿಲ್ಲ ಅಂತಲ್ಲ.

ಮಾರ್ಲಿಸ್

•

ಬೆಲ್ ಫೋರ್ಶ್
ಸೆಪ್ಟೆಂಬರ್ 27, 1994

ಮಗಳೇ,

ಗಾಡಿ ಸರಿಯಾದದ್ದನ್ನೇ ಕೊಂಡೆ. ನಿನ್ನ ಕೈಬರಹ ಸರಿಯಿಲ್ಲ. ಸಾಲುಗಳು ಕೊನೆಯಲ್ಲಿ ಜಾರಿ ಕೆಳಗೆ ಬೀಳುತ್ತಿವೆ. ನಿದ್ದೆ ಆಗುತ್ತಿದೆ ಎಂದು ಎರಡು ಕಾಗದದಲ್ಲಿ ಎರಡು ಸಲ ಬರೆದಿದ್ದೀಯ. ನಿದ್ದೆ ಆಗುವವರು ಅದನ್ನು ಬರೆಯುವುದಿಲ್ಲ.

ಒಬ್ಬಳೇ ಬೆಟ್ಟ ದಾಟಬೇಡ. ಡೆಲ್ ಮನೆಗೆ ಬಂದಾಗ ಅವನು ಓಡಿಸಲಿ. ನಾನೇ ಬಂದು ಟ್ರೇಲರ್ ನೋಡಿ, ನಿಮ್ಮಿಬ್ಬರನ್ನೂ ಕರೆತರುತ್ತಿದ್ದೆ, ಆದರೆ ನನ್ನ ಗಾಡಿಯ ಬ್ಯಾಟರಿ ಕೈಕೊಟ್ಟಿದೆ.

ಖಾಲಿ ಟ್ರೇಲರ್ ಕಟ್ಟಿಕೊಂಡು ಮೊದಲು ನಾಲ್ಕು ದಿನ ಸುತ್ತು. ಹಿಮ್ಮುಖವಾಗಿ ಓಡಿಸುವುದನ್ನು ಕಲಿ. ಆಮೇಲೆ ಕುದುರೆ ಹತ್ತಿಸು. ಏನೇನು ನೋಡಿದೆ, ಏನೇನು ಸದ್ದು ಕೇಳಿದೆ, ಎಲ್ಲ ಬರೆ. ಸಣ್ಣದು ಎಂದು ಬಿಡಬೇಡ.

ಮೂವತ್ತು ವರ್ಷ ಅಲ್ಲ, ಇಪ್ಪತ್ತೆಂಟು. ಅಂಥ ಮಾತನ್ನೆಲ್ಲ ಗಾಡಿ ಮಾರುವವರ ಮುಂದೆ ಆಡಬೇಡ.

ಅಪ್ಪ

•

ಕಾಟನ್‌ವುಡ್ ಕ್ರೀಕ್
ಅಕ್ಟೋಬರ್ 4, 1994

ಅಪ್ಪಾ,

ನೀನು ಹೇಳಿದಂತೆ ಎಲ್ಲ ಬರೆಯುತ್ತೇನೆ, ಆಮೇಲೆ ಹೆದರಿಕೆಯವಳು ಎನ್ನಬೇಡ.

ಟಯರುಗಳ ಗಾಳಿ ದಿನಕ್ಕೆರಡು ಸಲ ನೋಡುತ್ತೇನೆ. ಟ್ರೇಲರಿನ ನೆಲದ ಹಲಗೆಗಳನ್ನು ಚಾಪೆ ಎತ್ತಿ, ಸ್ಕ್ರೂ ಡ್ರೈವರಿನಿಂದ ಒಂದೊಂದನ್ನೂ ಚುಚ್ಚಿ ನೋಡಿದೆ, ಗಟ್ಟಿಯಿವೆ. ದೀಪಗಳು ಉರಿಯುತ್ತವೆ. ಮಗುವಿನ ಕುರ್ಚಿಯನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಸರಪಳಿಗಳನ್ನು ತೊಟ್ಟಿಲಿನ ಹಾಗೆ ಅಡ್ಡಹಾಯಿಸಿ ಕಟ್ಟಿದ್ದೇನೆ. ಪಕ್ಕದ ಹೊಲದ ಬರ್ಡೆಟ್ ಬಂದು ನೋಡಿ, "ನೀನು ಚಂದ್ರಲೋಕಕ್ಕೆ ಹೊಂಟಿದೀಯೇನಕ್ಕಾ, ಬೆಲ್ ಫೋರ್ಶ್‌ಗಾ?" ಎಂದು ಕೇಳಿದಳು.

ಒಂದೇ ಒಂದು ಕೆಲಸ ಹೂವೆತ್ತಿದಷ್ಟು ಸುಲಭವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಡೆಲ್‌ನ ಪಿಕಪ್ಪಿಗೆ ಟ್ರೇಲರ್ ಕಟ್ಟುವಾಗ ನೆನಪಿದೆಯಾ, ಬಟ್ಟಲು ಗುಂಡಿನ ಮೇಲೆ ಕೂರಲಿಕ್ಕೆ ಎಷ್ಟು ಹಟ ಮಾಡುತ್ತಿತ್ತು. ಅವನು ಮೇಲೆ ಹತ್ತಿ ಕುಣಿದು ಒದ್ದು ಕೂರಿಸುತ್ತಿದ್ದ. ಈ ಹೊಸ ಗುಂಡಿನ ಮೇಲೆ ಬೆಣ್ಣೆಗೆ ಚಮಚ ಇಟ್ಟ ಹಾಗೆ ಇಳಿಯಿತು. ಚಿಲಕವೂ ಒಂದೇ ಬೆರಳಿಗೆ ಬಿತ್ತು. ನಾನೊಬ್ಬಳೇ, ಒಂದು ಕೈಯಲ್ಲಿ ಮಗು ಹಿಡಿದುಕೊಂಡು ಕಟ್ಟಿದೆ.

ಕುದುರೆ ಇಲ್ಲದೆ ಆರು ದಿನ ಸುತ್ತಿದೆ. ಚೆನ್ನಾಗಿ ಹಿಂದೆ ಬರುತ್ತದೆ. ನಮ್ಮ ಗೇಟಿನಲ್ಲಿ ದನ ದಾಟದಿರಲೆಂದು ಹೊಂಡದ ಮೇಲೆ ಕಬ್ಬಿಣದ ಕೊಳವೆ ಹಾಸಿದ್ದಾರಲ್ಲ, ಅದರ ಮೇಲೆ ಹಾಯುವಾಗ ಮಾತ್ರ ಹಿಂದಿನಿಂದ ಟಣ್ ಎಂದು ಒಂದು ಸದ್ದು. ಗಂಟೆ ಹೊಡೆದಂತೆ, ಒಂದೇ ಸಲ. ಇಳಿದು ನೋಡಿದೆ, ಎಲ್ಲ ಇದ್ದ ಹಾಗೇ ಇತ್ತು. ಬರ್ಡೆಟ್ ಹೇಳಿದಳು, "ಹಳೇ ಟ್ರೇಲರ್ ಅಂದ್ರೆ ಹಳೇ ಅತ್ತೆ ಇದ್ದಂಗೆ. ಮಾತಾಡ್ದೆ ಬರಲ್ಲ." ಟಯರಿನದೋ ಬಾಗಿಲಿನದೋ ಇರಬೇಕು.

ಡೆಲ್ 21ಕ್ಕೆ ಬರುತ್ತಾನೆ. 22ರ ಶನಿವಾರ ಹೊರಡುತ್ತೇವೆ. ಕೊಟ್ಟಿಗೆಗೆ ಹುಲ್ಲು ಹಾಸಿಡು.

ನಿನ್ನ ಬ್ಯಾಟರಿ ರಿಪೇರಿಯಾಯಿತೇ?

ಮಾರ್ಲಿಸ್

•

ಬೆಲ್ ಫೋರ್ಶ್
ಅಕ್ಟೋಬರ್ 8, 1994, ಶನಿವಾರ

ಮಾರ್ಲಿಸ್,

ಈ ಕಾಗದ ಓದಿ ಮುಗಿಸುವ ತನಕ ಗಾಡಿ ತೆಗೆಯಬೇಡ. ಪೇಟೆಗೂ ಬೇಡ, ಖಾಲಿ ಟ್ರೇಲರಿನ ಜೊತೆಗೂ ಬೇಡ.

ಆ ಗುಂಡು ತಪ್ಪು. ನಿನ್ನ ಟ್ರೇಲರಿನ ಬಟ್ಟಲು ಎರಡೂ ಕಾಲು ಅಂಗುಲಕ್ಕಿಂತ ಒಂದೆಳೆ ದೊಡ್ಡ ಗುಂಡಿನದು. ಅವನು ಕೊಟ್ಟಿರುವುದು ಎರಡು ಅಂಗುಲದ್ದು. ಗುಂಡಿನ ನೆತ್ತಿಯ ಮೇಲೆ ಅಚ್ಚೊತ್ತಿರುತ್ತದೆ, ಒರೆಸಿ ನೋಡು. ದೊಡ್ಡ ಬಟ್ಟಲು ಸಣ್ಣ ಗುಂಡಿನ ಮೇಲೆ ಕೂರುತ್ತದೆ, ಚಿಲಕ ಬೀಳುತ್ತದೆ, ಸಮತಟ್ಟಿನಲ್ಲಿ ನೂರು ಮೈಲಿ ಬೇಕಾದರೂ ಬರುತ್ತದೆ. ಒಂದು ಕುಲುಕು ಸಿಕ್ಕರೆ ನೆಗೆದು ಬಿಡಿಸಿಕೊಳ್ಳುತ್ತದೆ. ನೀನು ಕೇಳಿದ ಆ ಟಣ್ ಅದೇ. ಅದು ನೆಗೆದು ಮತ್ತೆ ಅಲ್ಲೇ ಬಿದ್ದ ಸದ್ದು.

ಪರೀಕ್ಷೆ ಹೀಗೆ. ಕಟ್ಟಿದ ಮೇಲೆ ಟ್ರೇಲರಿನ ಮೂತಿಯ ಜಾಕನ್ನು ತಿರುಗಿಸಿ ಮೇಲೆತ್ತು. ಸರಿಯಾದ ಗುಂಡಾದರೆ ಗಾಡಿಯ ಹಿಂಭಾಗವೂ ಜೊತೆಗೆ ಏಳುತ್ತದೆ. ಇಲ್ಲದಿದ್ದರೆ ಬಟ್ಟಲು ಮಾತ್ರ ಮೇಲೆ ಬರುತ್ತದೆ, ಟೊಪ್ಪಿ ತೆಗೆದ ಹಾಗೆ.

ಮೊದಲ ಕಾಗದದಲ್ಲೇ ಇದನ್ನು ಬರೆಯಬೇಕಿತ್ತು. ಬರೆಯಲು ಕೂತು ಬಿಟ್ಟುಬಿಟ್ಟೆ. ಬ್ರೇಕು ಬರೆದೆ, ಗೇರು ಬರೆದೆ, ಸರಪಳಿ ಬರೆದೆ. ಈ ಒಂದು ಮಾತಿಗೆ ನನ್ನ ಕೈ ಬರಲಿಲ್ಲ.

1966ರ ಜೂನ್. ನೀನು ಹುಟ್ಟಿರಲಿಲ್ಲ. ಎರವಲು ತಂದ ಟ್ರೇಲರ್, ನನ್ನ ಪಿಕಪ್ಪಿನ ಗುಂಡು. ಬಟ್ಟಲು ಸುಲಭವಾಗಿ ಕೂತಿತು. ನಿನ್ನ ಅಮ್ಮ ಇಂಗಾ ನನ್ನ ಪಕ್ಕದಲ್ಲಿದ್ದಳು, "ಇವತ್ತು ಬೈಗುಳ ಇಲ್ದೇ ಕಟ್ಟಿದ್ಯಲ್ಲ" ಅಂದಳು. ಸ್ಟರ್ಜಿಸ್ ಆಚೆ ಇಳಿಜಾರಿನಲ್ಲಿ ಸೇತುವೆಯ ಅಂಚು ದಾಟುವಾಗ ಟ್ರೇಲರ್ ಬಿಟ್ಟುಹೋಯಿತು. ಕನ್ನಡಿಯಲ್ಲಿ ನೋಡಿದೆ. ನಮ್ಮನ್ನು ಹಿಂದೆ ಹಾಕುವಂತೆ ಪಕ್ಕಕ್ಕೇ ಬಂತು, ಎರಡು ಕುದುರೆಗಳೂ ಕಿಟಕಿಯಲ್ಲಿ ಕಾಣುತ್ತಿದ್ದವು. ಎದುರಿಗೆ ಹಾಲಿನ ಗಾಡಿ ಬರುತ್ತಿತ್ತು. ಓಡಿಸುತ್ತಿದ್ದವನ ಹೆಸರು ಲೈಲ್. ಮೂವತ್ತೊಂದು ವರ್ಷ. ಹಾಲು ರಸ್ತೆಯ ಉದ್ದಕ್ಕೂ ಹರಿಯಿತು. ಅವನು ಆಸ್ಪತ್ರೆಯ ತನಕ ಬದುಕಲಿಲ್ಲ.

ನನಗೆ ಶಿಕ್ಷೆ ಆಗಲಿಲ್ಲ. ಆಕಸ್ಮಿಕ ಎಂದು ಬರೆದರು. ಆಮೇಲೆ ನಾನು ದೊಡ್ಡ ಬಟ್ಟಲಿನ ಹೊಸ ಟ್ರೇಲರ್ ಕೊಂಡೆ, ಈಗ ನಿನ್ನ ಹತ್ತಿರ ಇರುವುದೇ ಅದು. ನಿನ್ನಮ್ಮನಿಗೆ ವಾಸನೆಯ ತಲೆನೋವು ಇರಲಿಲ್ಲ. ಅವಳು ಹಿಂದೆ ಬರುತ್ತಿದ್ದದ್ದು ಗುಂಡಿನಿಂದ ಟ್ರೇಲರ್ ಬಿಟ್ಟುಕೊಳ್ಳುವುದೇನೋ ಎಂದು ನೋಡುತ್ತಿರಲಿಕ್ಕೆ. ಇಪ್ಪತ್ತು ವರ್ಷ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ನೀನು ಕೈ ಬೀಸಿದ್ದು ಅವಳಿಗೆ ಕಂಡೇ ಇರಲಿಕ್ಕಿಲ್ಲ.

ನಿನ್ನ ಕಾಗದ ಇವತ್ತು ಬಂತು. ಕೂಡಲೇ ಪಕ್ಕದ ಮನೆಯ ವರ್ನಾಳಿಂದ ಫೋನು ಮಾಡಿಸಿದೆ, ನಾಲ್ಕು ಸಲ. ಪ್ರತಿ ಸಲವೂ ಲೈನು ಬಿಡುವಿಲ್ಲ ಎನ್ನುವ ಸದ್ದು. "ಮಾತಾಡ್ತಾ ಕೂತಿದಾಳೆ ಅಂದ್ರೆ ಚೆನ್ನಾಗಿದಾಳೆ ಬಿಡು ಆರ್ವಿಡ್. ಅಷ್ಟಕ್ಕೂ ಏನ್ ಹೇಳ್ಬೇಕು ಹೇಳು" ಅಂದಳು. ನನಗೆ ಅವಳ ಮುಂದೆ ಹೇಳಲಾಗಲಿಲ್ಲ. ಒಮ್ಮೆ ಫೋನು ಮಾಡಲಿಕ್ಕೆ ಹೇಳು ಅಷ್ಟೇ ಅಂದೆ. ನಾಳೆ ಅವಳು ತಂಗಿಯ ಊರಿಗೆ ಹೋಗುತ್ತಾಳೆ, ಬರುವುದು ಶುಕ್ರವಾರ. ನಾನೇ ಬರೋಣವೆಂದರೆ, ಬ್ಯಾಟರಿ ಸರಿಯಾಗಿಯೇ ಇದೆ, ಲೈಸೆನ್ಸ್ ಇಲ್ಲ. ಮಾರ್ಚಿನಲ್ಲಿ ಕಣ್ಣು ನೋಡಿ ಕಿತ್ತುಕೊಂಡರು.

ಇವತ್ತಿನ ಟಪಾಲು ಹೋಗಿಯಾಯಿತು. ನಾಳೆ ಭಾನುವಾರ, ಸೋಮವಾರ ಅಂಚೆಗೆ ರಜೆ. ಮಂಗಳವಾರ ಹೊರಟರೆ ಗುರುವಾರ ನಿನಗೆ ಸಿಗುತ್ತದೆ. ನೀನು ಹೊರಡುವುದು 22ಕ್ಕೆ. ಸಾಕಷ್ಟು ದಿನ ಇದೆ ಎಂದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮತ್ತೆ ಮತ್ತೆ ಎಣಿಸುತ್ತಿದ್ದೇನೆ.

ಅಪ್ಪ

•

ಕಾಟನ್‌ವುಡ್ ಕ್ರೀಕ್
ಅಕ್ಟೋಬರ್ 12, 1994, ಬುಧವಾರ

ಅಪ್ಪಾ,

ಈ ಕಾರ್ಡು ನನ್ನ ಹಿಂದೆಯೇ ಬರುತ್ತದೆ, ನಿನ್ನ ಅಡುಗೆಮನೆಯಲ್ಲಿ ಕೂತು ಇಬ್ಬರೂ ಓದಿ ನಗೋಣ. ಶನಿವಾರ ಬೆಟ್ಟದ ಮೇಲೆ ಹಿಮ ಬೀಳುತ್ತದೆಂದು ರೇಡಿಯೋದಲ್ಲಿ ಹೇಳಿದರು. 22ರ ತನಕ ಕಾದರೆ ದಾರಿ ಮುಚ್ಚಿದರೂ ಮುಚ್ಚಿತು. ಡೆಲ್‌ಗೆ ಹೇಳಿಲ್ಲ, ಹೇಳಿದರೆ ಬೇಡ ಅನ್ನುತ್ತಾನೆ. ನಾಳೆ ಬೆಳಗ್ಗೆ ನಾನು, ಟೆಸ್ಸಾ, ಕ್ಲೋವರ್, ಮೂವರು ಹೆಂಗಸರು ಹೊರಡುತ್ತೇವೆ.

ನಿನಗೆ ಅಚ್ಚರಿಯಾಗಲಿ ಎಂದು ಮೊದಲೇ ಹೇಳಲಿಲ್ಲ. ಕ್ಲೋವರ್‌ಳನ್ನು ನಿನ್ನೆ ಟ್ರೇಲರಿಗೆ ಹತ್ತಿಸಿ ನೋಡಿದೆ. ಮುದುಕಿ ತಾನೇ ನಡೆದು ಹತ್ತಿದಳು, ಯಾರ ಮನೆಗೆಂದು ಗೊತ್ತಿದ್ದವಳ ಹಾಗೆ. ಅವಳು ಹತ್ತಿದರೆ ಆ ಸದ್ದೂ ಕಡಿಮೆಯಾಗುತ್ತದೆ. ಭಾರ ಬಿದ್ದು ಎಲ್ಲ ಗಟ್ಟಿಯಾಗಿ ಕೂತಿರಬೇಕು.

ನೀನು ಹೇಳಿದ್ದೆಲ್ಲ ಮಾಡಿದ್ದೇನೆ. ಈ ಒಂದು ಸಲ ನನಗೆ ಹೆದರಿಕೆಯೇ ಇಲ್ಲ.

ಮಾರ್ಲಿಸ್

•

ಕಾಟನ್‌ವುಡ್ ಕ್ರೀಕ್
ಅಕ್ಟೋಬರ್ 20, 1994

ಅಪ್ಪಾ,

ವರ್ನಾ ಮುಖಾಂತರ ನಿನಗೆ ಇಷ್ಟು ತಿಳಿದಿದೆ, ಟೆಸ್ಸಾ ಮತ್ತು ನಾನು ಬದುಕಿದ್ದೇವೆ, ಕ್ಲೋವರ್ ಇಲ್ಲ. ಅವಳು ನಿನ್ನ ಕಿವಿಯ ಹತ್ತಿರ ಕೂಗಿ ಹೇಳಿದಳಂತೆ, ನೀನು ಕೇಳಿಸಲಿಲ್ಲ ಎಂದು ಮೂರು ಸಲ ಹೇಳಿಸಿದೆಯಂತೆ. ಉಳಿದದ್ದನ್ನು ನಾನೇ ಬರೆಯಬೇಕು. ಡೆಲ್ ಮಗುವನ್ನು ಎತ್ತಿಕೊಂಡು ಹೊರಗೆ ಅಡ್ಡಾಡುತ್ತಿದ್ದಾನೆ.

ಮೊದಲು ಸುಳ್ಳುಗಳನ್ನು ತೆಗೆದುಬಿಡುತ್ತೇನೆ. ಟೆಸ್ಸಾ ಹುಟ್ಟಿದಂದಿನಿಂದ ನಾನು ಒಟ್ಟಿಗೆ ಎರಡು ತಾಸು ಮಲಗಿಲ್ಲ. ಅವಳು ಮಲಗಿದರೂ ನಾನು ಮಲಗುವುದಿಲ್ಲ, ಉಸಿರು ನೋಡುತ್ತ ಕೂರುತ್ತೇನೆ. ಹನ್ನೊಂದನೆಯ ತಾರೀಖು ತೂಗುಕುರ್ಚಿಯಲ್ಲಿ ಹಾಲೂಡಿಸುತ್ತ ಕಣ್ಣು ಮುಚ್ಚಿಹೋಯಿತು. ಎಚ್ಚರವಾದಾಗ ಅವಳು ನನ್ನ ತೋಳಿಂದ ಜಾರಿ, ಕುರ್ಚಿಯ ಕೈಗೂ ನನ್ನ ಪಕ್ಕೆಗೂ ನಡುವೆ ಮುಖ ಕೆಳಗಾಗಿ ಸಿಕ್ಕಿಕೊಂಡಿದ್ದಳು. ಎತ್ತಿದೆ, ಅತ್ತಳು. ಅತ್ತಳಲ್ಲ ಎಂದು ನಾನೂ ಅತ್ತೆ. ಹಿಮಕ್ಕೆ ಹೆದರಿ ನಾನು ಹೊರಟದ್ದಲ್ಲ ಅಪ್ಪ. ಇನ್ನೊಂದು ಜೊತೆ ಕಣ್ಣಿರುವ ಮನೆ ಬೇಕಿತ್ತು. ನಿನ್ನ ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ.

ಬೆಟ್ಟ ಹತ್ತಿದ್ದು ಚೆನ್ನಾಗಿತ್ತು. ಮೇಲೆ ಬಿಸಿಲು. ತುದಿಯಲ್ಲಿ ನಿಲ್ಲಿಸಿ ಸರಪಳಿ ನೋಡಿದೆ, ಟಯರು ಮುಟ್ಟಿ ನೋಡಿದೆ, ಕ್ಲೋವರ್‌ಗೆ ನೀರು ತೋರಿಸಿದೆ. ಟೆಸ್ಸಾ ಇಡೀ ದಾರಿ ಅತ್ತವಳು ಅಲ್ಲಿ ಮಲಗಿದಳು. ಬಫಲೋ ಊರಿನ ಕಡೆಗೆ ಕೆಳಗಿನ ಗೇರಿನಲ್ಲಿ ಇಳಿಯತೊಡಗಿದೆ. ಎದುರಿನಿಂದ ಒಂದು ಶಾಲೆಯ ವ್ಯಾನು ಬಂತು, ಮಕ್ಕಳು ಕುದುರೆ ನೋಡಿ ಕೈ ಬೀಸಿದರು. ನಾನು ಬೀಸಲಿಲ್ಲ, ಎರಡೂ ಕೈ ಸ್ಟೀರಿಂಗಿನ ಮೇಲಿತ್ತು. ವ್ಯಾನು ನಮ್ಮನ್ನು ದಾಟಿದ ಮರುಕ್ಷಣ, ರಸ್ತೆ ಕಿತ್ತು ತೇಪೆ ಹಾಕಿದ್ದ ಕಡೆ, ಹಿಂದಿನಿಂದ ಟಣ್ ಎಂದಿತು. ಈ ಸಲ ಎರಡು ಸಲ.

ಬಟ್ಟಲು ಗುಂಡು ಬಿಟ್ಟು ಕೆಳಗೆ ಬಿತ್ತು. ಆದರೆ ನೆಲಕ್ಕೆ ಬೀಳಲಿಲ್ಲ, ನೀನು ಹೇಳಿದ ತೊಟ್ಟಿಲಿಗೆ ಬಿತ್ತು. ಸರಪಳಿಗಳು ಹಿಡಿದವು. ಬ್ರೇಕಿನ ಪೆಟ್ಟಿಗೆಯ ಹಿಡಿಯನ್ನು ಒತ್ತಿದೆ. ಹಿಂದೆ ಕೈ ಚಾಚಿ ಅವಳ ಪಾದ ಹುಡುಕಿದೆ, ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಟ್ರೇಲರ್ ಎಡಕ್ಕೆ ಬಲಕ್ಕೆ ಹೊಯ್ದಾಡಿತು, ನಮ್ಮ ಗಾಡಿ ಅದರ ಜೊತೆಗೆ. ಗಾಡಿ ಭಾರವಿದ್ದದ್ದಕ್ಕೆ ನಿಂತಿತು. ನಿಲ್ಲುವುದಕ್ಕೆ ಸ್ವಲ್ಪ ಮೊದಲು ಒಂದು ಸರಪಳಿ ಕಡಿಯಿತು, ಟ್ರೇಲರ್ ತಿರುಗಿ ಎದುರುದಾರಿಗೆ ಅಡ್ಡವಾಗಿ ಮಗುಚಿತು. ಶಾಲೆಯ ವ್ಯಾನು ಒಂದು ಉಸಿರಿನಷ್ಟು ಮೊದಲು ಅದೇ ಜಾಗದಲ್ಲಿತ್ತು.

ಟೆಸ್ಸಾ ಏಳಲೇ ಇಲ್ಲ. ಸತ್ತಳೆಂದುಕೊಂಡೆ. ಪಾದ ಹಿಡಿದೆ, ಒದೆಯಲಿಲ್ಲ. ಚಿವುಟಿದೆ, ಆಗ ಒದ್ದಳು. ಆರು ತಿಂಗಳಿಂದ ಮಲಗದ ಮಗು ಅದೊಂದು ಹೊತ್ತು ಮಲಗಿತ್ತು.

ಕ್ಲೋವರ್‌ಳ ಮುಂಗಾಲು ಮುರಿದಿತ್ತು. ಹೊರಗೆ ಬರಲು ಒದ್ದಾಡುವುದನ್ನು ಅವಳು ಬೇಗ ಬಿಟ್ಟಳು. ಬಾಗಿಲಿನ ಸಂದಿಯಿಂದ ನಾನು ಅವಳ ಹಣೆ ಸವರುತ್ತ ನಿಂತಿದ್ದೆ. ಹೆದ್ದಾರಿ ಪೊಲೀಸಿನವ ಬಂದ, ನನ್ನ ವಯಸ್ಸಿನವನೇ. ಟೋಪಿ ತೆಗೆದು, "ಅಕ್ಕಾ, ನೀವು ಗಾಡಿಯೊಳಗೆ ಹೋಗಿ ಕೂತ್ಕೊಳ್ಳಿ. ಮಗೂನ ಕಿವಿ ಮುಚ್ಕೊಳ್ಳಿ" ಅಂದ. ಮುಚ್ಚಿದೆ. ಬಂದೂಕಿನ ಸದ್ದಿಗೆ ನನ್ನ ಕಿವಿ ಮುಚ್ಚಲು ಕೈ ಉಳಿದಿರಲಿಲ್ಲ.

ಆಮೇಲೆ ಅವನು ಗಾಡಿಯ ಹಿಂದೆ ಮಂಡಿಯೂರಿ, ಹೆಬ್ಬೆರಳಿನಿಂದ ಗುಂಡಿನ ನೆತ್ತಿ ಒರೆಸಿದ.

"ಇದು ಎರಡಿಂಚಿಂದು ಅಕ್ಕಾ. ನಿಮ್ಮ ಟ್ರೇಲರಿಗೆ ಇದಲ್ಲ."

"ಸುಲಭವಾಗಿ ಕೂತಿತ್ತು" ಅಂದೆ.

"ಕೂತ್ಕೊಳತ್ತೆ. ಅದೇ ತೊಂದ್ರೆ." ಎದ್ದು, ಜೇಬಿನಿಂದ ಪುಸ್ತಕ ತೆಗೆದು ಕೇಳಿದ, "ಯಾರೂ ಹೇಳ್ಲಿಲ್ವಾ ನಿಮಗೆ?"

"ಇಲ್ಲ" ಅಂದೆ. ಅವನು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡ.

ನಿನ್ನ ಎಂಟನೆಯ ತಾರೀಖಿನ ಕಾಗದವನ್ನು ನಾನು ಓದಿದ್ದು ಹದಿನೇಳಕ್ಕೆ, ಡೆಲ್ ರಜೆ ಹಾಕಿ ಬಂದು ನಮ್ಮನ್ನು ಬಫಲೋದಿಂದ ಮನೆಗೆ ಕರೆತಂದ ಮೇಲೆ. ನಾಲ್ಕು ಸಲ ಓದಿದೆ. ಲೈಲ್‌ನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಆಗುವುದಿಲ್ಲ. ಅಮ್ಮನ ಬಗ್ಗೆಯೂ. ಹಿಂದಿನ ಕಿಟಕಿಯಿಂದ ಕಾಣುತ್ತಿದ್ದ ಅವಳ ಮುಖ ಈಗ ನನಗೆ ಬೇರೆಯಾಗಿಬಿಟ್ಟಿದೆ. ನಿನ್ನ ಮೇಲೆ ಸಿಟ್ಟಿದೆಯೇ ಎಂದು ನೀನು ಕೇಳಿಸಿದೆಯಂತೆ. ಇದೆ. ಎಷ್ಟು ಎಂದು ಇನ್ನೂ ಗೊತ್ತಿಲ್ಲ. ಆದರೆ ಒಂದು ಸಂಗತಿ ನಿನಗೆ ಯಾರೂ ಹೇಳಿರಲಾರರು, ಡೆಲ್‌ಗೂ ನಾನು ಹೇಳಿಲ್ಲ. ಅದನ್ನು ಹೇಳದಿದ್ದರೆ ನಿನ್ನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರುವುದಿಲ್ಲ.

ಹದಿಮೂರರ ಬೆಳಗ್ಗೆ ನಾವು ಹೊರಟು, ಕೊಳವೆಗಳ ಮೇಲೆ ಮೆಲ್ಲಗೆ ಹಾಯ್ದು ರಸ್ತೆಗೆ ಬರುವಾಗ ಟಪಾಲಿನ ಗೇಲನ್ ನಮ್ಮ ಪೆಟ್ಟಿಗೆಯ ಹತ್ತಿರ ಕಾರು ನಿಲ್ಲಿಸಿದ್ದ. ನನ್ನನ್ನು ನೋಡಿ ಲಕೋಟೆ ಎತ್ತಿ ಆಡಿಸಿದ.

"ನಿಮ್ಮಪ್ಪಂದು ಬಂದೈತಮ್ಮ. ಈ ಸಲ ಭಾರಿ ದಪ್ಪ ಐತೆ. ಇದನ್ನೂ ಟ್ರೇಲರ್‌ಗೇ ಹಾಕ್ತೀಯೋ ಹೆಂಗೆ?"

ದಪ್ಪ ಕಂಡ ಕೂಡಲೇ ಅಂದುಕೊಂಡೆ, ಇನ್ನೊಂದು ನಾಲ್ಕು ಪುಟ ಬ್ರೇಕು, ಗೇರು. ಟೆಸ್ಸಾ ಅಳುತ್ತಿದ್ದಳು. ಇಂಜಿನ್ ಆರಿಸಲಿಲ್ಲ, ಗಾಜನ್ನು ಅರ್ಧವೇ ಇಳಿಸಿದೆ. ಅವನ ಕೈ ನನ್ನಿಂದ ಎರಡು ಮೊಳ ದೂರದಲ್ಲಿತ್ತು.

"ಪೆಟ್ಟಿಗೇಲೇ ಹಾಕ್ಬಿಡಿ ಗೇಲನ್" ಎಂದೆ. "ಅಪ್ಪನ್ನೇ ನೋಡೋಕೆ ಹೋಗ್ತಿದೀನಲ್ಲ. ಏನಿದ್ರೂ ಅವನ ಬಾಯಲ್ಲೇ ಕೇಳ್ತೀನಿ."

ನಿನ್ನ
ಮಾರ್ಲಿಸ್